ದೂರು ಬಂದು ನಿಲ್ಲುವ ಮೊದಲ ಮೇಜು



ವೈದ್ಯರು ತಪ್ಪು ಮಾಡಿದರೆ ವೈದ್ಯಕೀಯ ಪರಿಷತ್ತಿದೆ. ವಕೀಲರು ತಪ್ಪು ಮಾಡಿದರೆ ವಕೀಲರ ಪರಿಷತ್ತಿದೆ. ಸಮಾಜ ಕಾರ್ಯಕರ್ತರು ತಪ್ಪು ಮಾಡಿದರೆ ಎಲ್ಲಿಗೆ ಹೋಗಬೇಕು? ನಮ್ಮಲ್ಲಿ ಈ ಪ್ರಶ್ನೆ ಕೇಳಿದವರೇ ಕಡಿಮೆ. ಅದು ಪುಣ್ಯದ ಕೆಲಸ, ಪುಣ್ಯದ ಕೆಲಸ ಮಾಡುವವರ ಮೇಲೆ ಯಾರಾದರೂ ದೂರು ಕೊಡುತ್ತಾರೆಯೇ ಎಂಬ ಭಾವನೆ ನಮಗೆ. ಆದರೆ ಇಂಗ್ಲೆಂಡಿನಲ್ಲಿ ಸಮಾಜ ಕಾರ್ಯಕರ್ತರ ಕೈಯಲ್ಲಿರುವ ಅಧಿಕಾರವನ್ನು ಒಮ್ಮೆ ನೋಡಿ. ಮಗುವಿಗೆ ಮನೆಯಲ್ಲಿ ಅಪಾಯವಿದೆ ಎಂದು ಅನುಮಾನ ಬಂದರೆ 1989ರ ಮಕ್ಕಳ ಕಾಯ್ದೆಯ ಪ್ರಕಾರ ಮನೆಯ ಬಾಗಿಲು ತಟ್ಟುವವರು ಇವರು. ಆ ಮಗು ತಾಯಿಯ ಬಳಿ ಇರಬೇಕೇ ಬೇಡವೇ ಎಂದು ನ್ಯಾಯಾಲಯ ತೀರ್ಮಾನಿಸುವಾಗ ಅದರ ಮುಂದಿರುವ ವರದಿಯನ್ನು ಬರೆದವರೂ ಇವರೇ. ಮಾನಸಿಕ ಕಾಯಿಲೆಯವರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸಲು ವೈದ್ಯರು ಶಿಫಾರಸು ಮಾಡುತ್ತಾರೆ, ಅರ್ಜಿಗೆ ಸಹಿ ಹಾಕುವುದು ಮಾತ್ರ ಬಹುತೇಕ ಸಂದರ್ಭಗಳಲ್ಲಿ ಒಬ್ಬ ಸಮಾಜ ಕಾರ್ಯಕರ್ತ ಅಥವಾ ಕಾರ್ಯಕರ್ತೆ. ಇಷ್ಟು ಅಧಿಕಾರ ಇರುವ ಕಡೆ ದೂರು ಬರದೆ ಇರುವುದಿಲ್ಲ.

ಆ ದೂರುಗಳು ಹೋಗಿ ಸೇರುವ ಊರು ಶೆಫೀಲ್ಡ್. ಒಂದು ಕಾಲಕ್ಕೆ ಉಕ್ಕಿಗೆ, ಚಾಕು ಚಮಚಗಳಿಗೆ ಹೆಸರಾಗಿದ್ದ ಊರು. ಅಲ್ಲಿ 'ಸೋಶಿಯಲ್ ವರ್ಕ್ ಇಂಗ್ಲೆಂಡ್' ಎಂಬ ನಿಯಂತ್ರಣ ಸಂಸ್ಥೆ ಇದೆ. 2017ರ ಕಾಯ್ದೆಯೊಂದರಿಂದ ಹುಟ್ಟಿ, 2019ರ ಡಿಸೆಂಬರ್ 2ರಿಂದ ಕೆಲಸ ಶುರು ಮಾಡಿದ ಸಂಸ್ಥೆ ಇದು. ಅದರ ರಿಜಿಸ್ಟರಿನಲ್ಲಿ ಸುಮಾರು 1 ಲಕ್ಷ ಹೆಸರುಗಳಿವೆ. ಪ್ರತಿ ವರ್ಷ ನವೆಂಬರ್ ಮುಗಿಯುವುದರೊಳಗೆ ನೋಂದಣಿ ನವೀಕರಿಸಿಕೊಳ್ಳಬೇಕು, ಇಲ್ಲದಿದ್ದರೆ ಹೆಸರು ಹೋಗುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ಬೇರೆ ಬೇರೆ ಸಂಸ್ಥೆಗಳಿವೆ, ಅವುಗಳ ಮಾತು ಇಂದು ಬೇಡ.

ಈ ಸಂಸ್ಥೆಯ ವಿಚಾರಣೆಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಇಂಥವರನ್ನು ಅಮಾನತು ಮಾಡಿದರು, ಇಂಥವರ ಹೆಸರು ಹೊಡೆದುಹಾಕಿದರು ಎಂದು ಓದುತ್ತೇವೆ. ನಾನು ಹೇಳಹೊರಟಿರುವುದು ಪತ್ರಿಕೆಗೆ ಬಾರದ ಇನ್ನೊಂದು ಜಾಗದ ಬಗ್ಗೆ. ದೂರು ಮೊಟ್ಟಮೊದಲು ಬಂದು ಬೀಳುವ ಮೇಜು, ಮತ್ತು ಆ ಮೇಜಿನ ಕೆಲಸವನ್ನು ಸಂಯೋಜಿಸುವ ವ್ಯಕ್ತಿ. ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಮೇಲೇನೂ ಇರುವುದಿಲ್ಲ. ಆದರೆ ಬರುವ ದೂರುಗಳಲ್ಲಿ ದೊಡ್ಡ ಪಾಲು, ಅದರಲ್ಲೂ ಸಾರ್ವಜನಿಕರಿಂದ ಬಂದವು, ಮೊದಲ ಹಂತದಲ್ಲಿಯೇ ಮುಗಿದುಹೋಗುತ್ತವೆ. ತನಿಖೆ, ಪ್ರಕರಣ ಪರೀಕ್ಷಕರು, ವಿಚಾರಣಾ ಮಂಡಳಿ ಎಂಬ ಮುಂದಿನ ಮೆಟ್ಟಿಲುಗಳನ್ನು ಅವು ನೋಡುವುದೇ ಇಲ್ಲ. ಅಂದಮೇಲೆ ಬಹಳ ಜನ ದೂರುದಾರರ ಪಾಲಿಗೆ ಇಡೀ ಸಂಸ್ಥೆ ಎಂದರೆ ಆ ಮೇಜು ಮಾತ್ರ. ಅಲ್ಲಿ ಕೂತವರು ಓದಿದ ರೀತಿ, ಬರೆದ ಉತ್ತರ, ಅಷ್ಟೇ ಅವರಿಗೆ ಸಿಕ್ಕ ನ್ಯಾಯ.

ನಮ್ಮ ತಾಲ್ಲೂಕು ಕಚೇರಿಯ ಟಪಾಲು ವಿಭಾಗ ನಿಮಗೆ ಗೊತ್ತಿರಬಹುದು. ಅರ್ಜಿ ಕೊಟ್ಟರೆ ಮೊಹರು ಹೊಡೆದು, ಸಂಖ್ಯೆ ಬರೆದು, ಒಳಗೆ ಕಳಿಸುತ್ತಾರೆ, ಅರ್ಜಿಯಲ್ಲಿ ಏನಿದೆ ಎಂಬುದು ಅವರ ತಲೆನೋವಲ್ಲ. ದೂರು ಸ್ವೀಕಾರದ ಕೆಲಸವೂ ಹೀಗೆಯೇ ಎಂದುಕೊಂಡ ಸಂಸ್ಥೆಗಳು ಕೆಟ್ಟಿವೆ. ಅದರ ಕಥೆ ಆಮೇಲೆ. ಮೊದಲು ಆ ಮೇಜಿನ ಮೇಲೆ ಏನೇನು ನಡೆಯುತ್ತದೆ ನೋಡೋಣ.

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಕಲ್ಪಿಸಿಕೊಳ್ಳಿ ಎಂದು ಬೇಕೆಂದೇ ಹೇಳುತ್ತಿದ್ದೇನೆ, ನಿಜವಾದ ಯಾರ ಕಥೆಯೂ ಇದಲ್ಲ. ಆಕೆಯ ಇಬ್ಬರು ಮಕ್ಕಳನ್ನು ಸಾಕುಪೋಷಕರ ಮನೆಗೆ ಕಳಿಸಿದ್ದಾರೆ. ರಾತ್ರಿಯೆಲ್ಲ ಕೂತು ಹನ್ನೆರಡು ಪುಟ ಬರೆದಿದ್ದಾಳೆ. ನ್ಯಾಯಾಧೀಶರು ತನ್ನ ಮಾತು ಕೇಳಲಿಲ್ಲ ಎಂದಿದೆ. ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲಿನ, ಕಚೇರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ ಎಂದಿದೆ. ಸಮಾಜ ಕಾರ್ಯಕರ್ತೆ ಸೊಕ್ಕಿನವಳು, ನನ್ನನ್ನು ಮನುಷ್ಯಳೆಂದೇ ನೋಡಲಿಲ್ಲ ಎಂದಿದೆ. ಮಗುವಿನ ಹುಟ್ಟಿದ ದಿನದ ಉಡುಗೊರೆ ತಲುಪಲಿಲ್ಲ ಎಂದಿದೆ. ಒಂಬತ್ತನೆಯ ಪುಟದ ನಡುವೆ, ಬೇರೆ ಯಾವುದೋ ಸಿಟ್ಟಿನ ಮಧ್ಯೆ, ಒಂದು ಸಾಲು: "ಆವತ್ತು ಅವಳು ನಮ್ಮ ಮನೆಗೆ ಬರಲೇ ಇಲ್ಲ, ಬಂದು ಮಕ್ಕಳನ್ನು ನೋಡಿದೆ ಅಂತ ವರದಿಯಲ್ಲಿ ಬರೆದಿದ್ದಾಳೆ."

ಹನ್ನೆರಡು ಪುಟದಲ್ಲಿ ನಿಯಂತ್ರಣ ಸಂಸ್ಥೆಗೆ ನೇರವಾಗಿ ಸಂಬಂಧಪಟ್ಟದ್ದು ಆ ಒಂದು ಸಾಲು. ನ್ಯಾಯಾಲಯದ ಆದೇಶವನ್ನು ಬದಲಿಸುವ ಅಧಿಕಾರ ಸಂಸ್ಥೆಗಿಲ್ಲ, ಅದಕ್ಕೆ ಮೇಲ್ಮನವಿಯ ದಾರಿ ಇದೆ. ಫೋನ್ ಎತ್ತದಿರುವುದು, ಉಡುಗೊರೆ ತಲುಪದಿರುವುದು ಕೌನ್ಸಿಲಿನ ಸೇವೆಯ ಲೋಪ. ಅದಕ್ಕೆ ಕೌನ್ಸಿಲಿನಲ್ಲೇ ದೂರು ಕೊಡಬೇಕು, ಅಲ್ಲೂ ಆಗದಿದ್ದರೆ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್ ಇದ್ದಾರೆ. ಸೊಕ್ಕು ಎಂಬುದು ಎಷ್ಟರಮಟ್ಟಿಗಿನದು ಎಂದು ಕೇಳಿ ನೋಡಬೇಕು. ಆದರೆ ಹೋಗದ ಮನೆಗೆ ಹೋದೆ ಎಂದು ಬರೆದದ್ದು ನಿಜವಾದರೆ ಅದು ಅಪ್ರಾಮಾಣಿಕತೆ, ವೃತ್ತಿಯ ಬುಡಕ್ಕೇ ಕೊಡಲಿ. ಅದನ್ನು ಪರಿಶೀಲಿಸಲೂ ಬರುತ್ತದೆ. ಕೌನ್ಸಿಲಿನ ಕಂಪ್ಯೂಟರಿನಲ್ಲಿ ಆ ಟಿಪ್ಪಣಿ ಯಾವಾಗ ಬರೆದದ್ದು ಎಂಬ ಗುರುತಿರುತ್ತದೆ, ಡೈರಿ ಇರುತ್ತದೆ, ಪ್ರಯಾಣ ಭತ್ಯೆಯ ಬಿಲ್ಲು ಇರುತ್ತದೆ. ಸಿಟ್ಟಿನ ಪತ್ರ ಎಂದು ಪಕ್ಕಕ್ಕಿಟ್ಟರೆ ಆ ಸಾಲು ಸತ್ತುಹೋಗುತ್ತದೆ. ಪತ್ರ ಪೂರ್ತಿ ಓದುವ ತಾಳ್ಮೆ, ಓದುವಾಗ ಎದೆಯೊಳಗೆ ಕೋಪವಾಗಲಿ ಕರುಣೆಯಾಗಲಿ ಕಣ್ಣು ಕಟ್ಟದಂತೆ ನೋಡಿಕೊಳ್ಳುವ ಎಚ್ಚರ, ಇವೆರಡೂ ಆ ಮೇಜಿನ ಮುಖ್ಯ ಅರ್ಹತೆ ಎಂದು ನನಗನ್ನಿಸುತ್ತದೆ. ಕಾನೂನು ಪದವಿ ಆಮೇಲೆ.

ಆಕೆ ಪತ್ರದ ಜೊತೆಗೆ ನ್ಯಾಯಾಲಯದ ಕಾಗದಗಳನ್ನೂ ಕಳಿಸಿದ್ದಾಳೆ ಎನ್ನೋಣ. ಇಲ್ಲಿ ಇನ್ನೊಂದು ಸಿಕ್ಕು. ಇಂಗ್ಲೆಂಡಿನ ಕೌಟುಂಬಿಕ ನ್ಯಾಯಾಲಯಗಳು ಹೆಚ್ಚಾಗಿ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತವೆ. ಅಲ್ಲಿಯ ಕಾಗದಗಳನ್ನು ಕಂಡಕಂಡವರಿಗೆ ಕೊಡುವಂತಿಲ್ಲ, ಎಷ್ಟೋ ಸಲ ನ್ಯಾಯಾಲಯದ ಅಪ್ಪಣೆ ಬೇಕು. ತಾಯಿಗೆ ಅದು ತನ್ನದೇ ಜೀವನದ ಕಾಗದ, ತಾನು ಯಾರಿಗೆ ತೋರಿಸಿದರೆ ಇವರಿಗೇನು ಎಂಬ ಸಿಟ್ಟು. ಸಂಯೋಜಕಿ ಅದನ್ನು ತನಿಖೆಯ ಫೈಲಿಗೆ ನೇರವಾಗಿ ಸೇರಿಸುವಂತಿಲ್ಲ, ಸುಮ್ಮನೆ ವಾಪಸು ಎಸೆಯುವಂತೆಯೂ ಇಲ್ಲ. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದಕ್ಕೆ ಅಪ್ಪಣೆ ಕೇಳಬೇಕು ಎಂದು ಕಾನೂನು ವಿಭಾಗದವರ ಜೊತೆ ಮಾತಾಡಿ, ಆಕೆಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

ಇಷ್ಟಾಗುವ ಮೊದಲೇ ಒಂದು ಸರಳ ಪ್ರಶ್ನೆ ಇದೆ: ಆರೋಪಿತ ವ್ಯಕ್ತಿ ರಿಜಿಸ್ಟರಿನಲ್ಲಿ ಇದ್ದಾರೆಯೇ? ಒಂದೇ ಹೆಸರಿನವರು ಹಲವರಿರುತ್ತಾರೆ. ಮದುವೆಯಾಗಿ ಅಡ್ಡಹೆಸರು ಬದಲಾಗಿರುತ್ತದೆ. ದೂರುದಾರರಿಗೆ ಗೊತ್ತಿರುವುದು ಬರೀ ಮೊದಲ ಹೆಸರು. ಎಷ್ಟೋ ಸಲ ಮನೆಗೆ ಬಂದು ಹೋದವರು ಸಮಾಜ ಕಾರ್ಯಕರ್ತರೇ ಆಗಿರುವುದಿಲ್ಲ, ಕುಟುಂಬ ಸಹಾಯಕರೋ ಆರೈಕೆ ಸಿಬ್ಬಂದಿಯೋ ಆಗಿರುತ್ತಾರೆ, ಅವರ ಮೇಲೆ ಸಂಸ್ಥೆಗೆ ಅಧಿಕಾರವಿಲ್ಲ. ನಮ್ಮಲ್ಲಿ ಗಣೇಶೋತ್ಸವದ ಫ್ಲೆಕ್ಸಿನಲ್ಲಿ ಫೋಟೋ ಕೆಳಗೆ 'ಸೋಶಿಯಲ್ ವರ್ಕರ್' ಎಂದು ಹಾಕಿಸಿಕೊಳ್ಳಲು ಯಾರಪ್ಪಣೆಯೂ ಬೇಡ. ಅಲ್ಲಿ 2005ರ ಏಪ್ರಿಲ್ 1ರಿಂದ ನೋಂದಣಿ ಇಲ್ಲದೆ ಆ ಹೆಸರು ಹೇಳಿಕೊಂಡು ಕೆಲಸ ಮಾಡುವುದೇ ಅಪರಾಧ. ಹಾಗಾಗಿ ರಿಜಿಸ್ಟರಿನಲ್ಲಿ ಹೆಸರಿಲ್ಲ ಎಂದ ಕೂಡಲೇ ಫೈಲು ಮುಚ್ಚುವಂತಿಲ್ಲ. ಆ ವ್ಯಕ್ತಿ ಸುಳ್ಳು ಹೇಳಿ ಕೆಲಸ ಮಾಡುತ್ತಿದ್ದರೆ ಅದು ಬೇರೆಯೇ ದಾರಿ ಹಿಡಿಯುತ್ತದೆ.

ಆಮೇಲೆ ಅಪಾಯದ ಲೆಕ್ಕ. ತಾನು ನೋಡಿಕೊಳ್ಳುತ್ತಿರುವ ಹುಡುಗಿಯ ಜೊತೆ ಒಬ್ಬ ಕಾರ್ಯಕರ್ತ ಸಂಬಂಧ ಇಟ್ಟುಕೊಂಡಿದ್ದಾನೆ ಎಂಬ ಮಾಹಿತಿ ಶುಕ್ರವಾರ ಸಂಜೆ ಬಂದರೆ ಸೋಮವಾರದವರೆಗೆ ಕಾಯುವ ಹಾಗಿಲ್ಲ. ತನಿಖೆ ಮುಗಿಯುವ ಮೊದಲೇ ಕೆಲಸದಿಂದ ದೂರ ಇಡುವ ಮಧ್ಯಂತರ ಆದೇಶ ಹೊರಡಿಸಲು ಮಂಡಳಿಗೆ ಅಧಿಕಾರವಿದೆ, ಅದು 18 ತಿಂಗಳವರೆಗೂ ನಡೆಯಬಹುದು. ಆದರೆ ಇದು ತುರ್ತು ಎಂದು ಮೊದಲು ಯಾರಾದರೂ ಗುರುತಿಸಬೇಕಲ್ಲ! ಆ ಗುರುತಿಸುವಿಕೆ ನಡೆಯುವುದು ಈ ಮೇಜಿನಲ್ಲೇ. ಒಂದೇ ಕಾರ್ಯಕರ್ತೆಯ ಮೇಲೆ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಊರಿನಿಂದ, ಒಂದೊಂದೂ ಸಣ್ಣದೆನಿಸುವ ಮೂರು ದೂರು ಬಂದಿರಬಹುದು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅದೊಂದು ಚಾಳಿ ಎಂದು ತಿಳಿಯುತ್ತದೆ. ಮೂವರು ಗುಮಾಸ್ತರು ಮೂರು ದೂರನ್ನು ತೆಗೆದುಕೊಂಡು, ಒಬ್ಬರಿಗೊಬ್ಬರು ಹೇಳದೆ ಮೂರನ್ನೂ ಮುಚ್ಚಿದರೆ? ಸಂಯೋಜನೆ ಎಂಬ ಮಾತಿಗೆ ಈ ಕೆಲಸದಲ್ಲಿ ಬೆಲೆ ಬರುವುದು ಅಲ್ಲಿ.

ಈಗ ಕೆಟ್ಟ ಕಥೆಗೆ ಬರುತ್ತೇನೆ. ಇಂದಿನ ಸಂಸ್ಥೆಗೆ ಮೊದಲು ಇನ್ನೊಂದು ಇತ್ತು, ಜನರಲ್ ಸೋಶಿಯಲ್ ಕೇರ್ ಕೌನ್ಸಿಲ್. 2001ರಲ್ಲಿ ಹುಟ್ಟಿತು. ಅದರ ಕಾಲದಲ್ಲೇ ಲಂಡನ್ನಿನ ಹ್ಯಾರಿಂಗೆಯಲ್ಲಿ 2007ರಲ್ಲಿ ಒಂದು ಪುಟ್ಟ ಮಗು ಮನೆಯವರ ಹಿಂಸೆಯಿಂದ ಸತ್ತಿತು. ಪೀಟರ್ ಕಾನೆಲಿ ಎಂಬ ಆ ಮಗುವನ್ನು ಪತ್ರಿಕೆಗಳು ಬೇಬಿ ಪಿ ಎಂದು ಕರೆದವು. ಮಗುವಿನ ಮನೆಗೆ ಸಮಾಜ ಕಾರ್ಯಕರ್ತರು ಹೋಗಿಬಂದಿದ್ದರು ಎಂಬುದು ಗೊತ್ತಾದ ಮೇಲೆ ದೇಶವೇ ಆ ವೃತ್ತಿಯ ಮೇಲೆ ತಿರುಗಿಬಿತ್ತು. ಹೀಗೆ ಎಲ್ಲರ ಕಣ್ಣೂ ಆ ಕಡೆ ನೆಟ್ಟಿದ್ದ ಹೊತ್ತಿನಲ್ಲಿ, 2009ರಲ್ಲಿ, ಕೌನ್ಸಿಲಿನೊಳಗೆ ನಡತೆಗೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ಯಾರ ಕೈಗೂ ಹೋಗದೆ ಬಿದ್ದಿವೆ ಎಂಬುದು ಬೆಳಕಿಗೆ ಬಂತು. ಸರ್ಕಾರ ಮೇಲ್ವಿಚಾರಣೆಯ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿತು. ಮುಖ್ಯ ಕಾರ್ಯನಿರ್ವಾಹಕರ ಹುದ್ದೆ ಹೋಯಿತು. ಮರುವರ್ಷ ಹೊಸ ಸರ್ಕಾರ ಬಂದು ಕೌನ್ಸಿಲನ್ನೇ ಮುಚ್ಚುವುದಾಗಿ ಹೇಳಿತು. ಮುಚ್ಚಲು ಖರ್ಚು ಕಡಿತದಂಥ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಆ ಫೈಲುಗಳ ತಲೆಗೆ ಕಟ್ಟಲಾಗದು. ಆದರೂ 2012ರ ಜುಲೈ 31ಕ್ಕೆ ಕೌನ್ಸಿಲ್ ಕಣ್ಣುಮುಚ್ಚಿದಾಗ ಅದರ ಪರ ನಿಂತು ಮಾತಾಡುವ ದನಿಗಳು ಹೆಚ್ಚಿರಲಿಲ್ಲ.

ಆ ಫೈಲುಗಳಲ್ಲಿ ಎಷ್ಟೋ ಸಣ್ಣವೇ ಇದ್ದಿರಬಹುದು. ತೊಂದರೆ ಏನೆಂದರೆ, ಓದದ ಹೊರತು ಸಣ್ಣದು ಯಾವುದು ದೊಡ್ಡದು ಯಾವುದು ಎಂದು ಹೇಳಲು ಬರುವುದಿಲ್ಲ. ಬಾಕಿ ಕೆಲಸ ಎಲ್ಲ ಕಚೇರಿಯಲ್ಲೂ ಇರುತ್ತದೆ. ತೂಗಿ ನೋಡಿ ಬಾಕಿ ಇಟ್ಟದ್ದು ಬೇರೆ, ನೋಡದೆ ಬಾಕಿ ಉಳಿದದ್ದು ಬೇರೆ. ಕೌನ್ಸಿಲಿನ ಕೆಲಸ ಮುಂದೆ ಆರೋಗ್ಯ ವೃತ್ತಿಗಳ ಒಂದು ಪರಿಷತ್ತಿಗೆ ಹೋಯಿತು, ಅಲ್ಲಿಂದ 2019ರಲ್ಲಿ ಶೆಫೀಲ್ಡಿಗೆ. ಪ್ರತಿ ಸಲ ಕೈ ಬದಲಾದಾಗಲೂ ಮುಗಿಯದ ಫೈಲುಗಳು ಹೊಸ ಮನೆಗೆ ಬಂದವು. ಶೆಫೀಲ್ಡಿಗಂತೂ ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಹಳೆಯ ಪ್ರಕರಣಗಳ ಹೊರೆ.

ಇನ್ನೊಂದು ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ದೂರು ಮೂಲೆಯಲ್ಲಿ ಬೀಳಲಿಲ್ಲ, ಸರಾಗವಾಗಿ ಒಳಗೆ ಹೋಯಿತು. ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಕೌನ್ಸಿಲಿನ ಸಮಾಜ ಕಾರ್ಯಕರ್ತೆಯೊಬ್ಬರು ತಮ್ಮ ಖಾಸಗಿ ಫೇಸ್‌ಬುಕ್ ಖಾತೆಯಲ್ಲಿ ಲಿಂಗ ಮತ್ತು ಲಿಂಗಗುರುತಿನ ವಾದಕ್ಕೆ ಸಂಬಂಧಿಸಿದ ಬರಹಗಳನ್ನು ಹಂಚಿಕೊಳ್ಳುತ್ತಿದ್ದರು. ಅವರ ಫೇಸ್‌ಬುಕ್ ಗೆಳೆಯರ ಪಟ್ಟಿಯಲ್ಲಿದ್ದ ಒಬ್ಬರು ಅವನ್ನೆಲ್ಲ ಒಟ್ಟುಮಾಡಿ ಸಂಸ್ಥೆಗೆ ದೂರು ಕೊಟ್ಟರು. ತನಿಖೆಯಾಯಿತು, ಎಚ್ಚರಿಕೆ ಕೊಟ್ಟರು, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಪೂರ್ಣ ವಿಚಾರಣೆ ಎಂದರು, ಕೊನೆಗೆ ಪ್ರಕರಣವನ್ನೇ ಕೈಬಿಟ್ಟರು. ಆಕೆ ಉದ್ಯೋಗ ನ್ಯಾಯಮಂಡಳಿಗೆ ಹೋದರು. 2024ರ ಜನವರಿಯಲ್ಲಿ ತೀರ್ಪು ಬಂತು: ನಿಯಂತ್ರಣ ಸಂಸ್ಥೆಯೂ ಕೌನ್ಸಿಲೂ ಆಕೆಯ ನಂಬಿಕೆಯ ಕಾರಣಕ್ಕೆ ಆಕೆಗೆ ಕಿರುಕುಳ ಕೊಟ್ಟಂತಾಗಿದೆ. ದೂರಿನ ಹಿಂದೆ ದುರುದ್ದೇಶ ಇರಬಹುದೇ ಎಂದು ಸಂಸ್ಥೆ ನೋಡಲೇ ಇಲ್ಲ ಎಂದೂ ನ್ಯಾಯಮಂಡಳಿ ಟೀಕಿಸಿತು.

ಆ ವಾದದಲ್ಲಿ ಸರಿ ಯಾರದು ಎಂಬ ಚರ್ಚೆಗೆ ಇವತ್ತು ನಾನು ಕೈ ಹಾಕುವುದಿಲ್ಲ. ನನ್ನ ಕುತೂಹಲ ಆ ಮೊದಲ ಮೇಜಿನದು. ದೂರು ಕೊಟ್ಟವರು ಯಾರು, ಅವರಿಗೂ ಆರೋಪಿತರಿಗೂ ಏನು ಸಂಬಂಧ, ಆರೋಪ ಪೂರ್ತಿ ನಿಜವೇ ಆದರೂ ಅದರಿಂದ ವೃತ್ತಿಗೆ ಕುಂದು ಬರುತ್ತದೆಯೇ? ಇಷ್ಟು ಪ್ರಶ್ನೆಯನ್ನು ಮೊದಲ ವಾರದಲ್ಲೇ ಕೇಳಿ ಉತ್ತರ ಬರೆದಿಟ್ಟಿದ್ದರೆ ವರ್ಷಗಟ್ಟಲೆ ನಡೆದ ರಾದ್ಧಾಂತ ಅಲ್ಲೇ ನಿಲ್ಲುತ್ತಿತ್ತೇನೋ. ಹಾಗೆಂದು ದ್ವೇಷವಿದೆ ಎಂದ ಮಾತ್ರಕ್ಕೆ ದೂರನ್ನು ತಳ್ಳಿಹಾಕಿದರೂ ತಪ್ಪಾಗುತ್ತದೆ. ಜಗಳವಾಡಿ ಬೇರೆಯಾದ ಗಂಡ ಕೊಟ್ಟ ದೂರಿನಲ್ಲೂ ನಿಜ ಇರಬಹುದು. ಉದ್ದೇಶವನ್ನು ತಿಳಿದಿರಬೇಕು, ಆದರೆ ಆರೋಪವನ್ನು ಅದರ ತೂಕದ ಮೇಲೆಯೇ ಅಳೆಯಬೇಕು. ಹೇಳಲು ಸುಲಭ ಎಂಬುದನ್ನು ಒಪ್ಪುತ್ತೇನೆ.

ಯಾರ ಮೇಲೆ ದೂರು ಹೆಚ್ಚು ಬರುತ್ತದೆ ಎಂಬುದೂ ಗಮನಿಸಬೇಕಾದ್ದೇ. ಸಂಸ್ಥೆಯೇ ಪ್ರಕಟಿಸಿದ ಮಾಹಿತಿಯಲ್ಲಿ ಗಂಡಸರು ಮತ್ತು ಕಪ್ಪು ಜನಾಂಗದ ಕಾರ್ಯಕರ್ತರು ರಿಜಿಸ್ಟರಿನಲ್ಲಿರುವ ತಮ್ಮ ಪಾಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ ದೂರಿಗೆ ಗುರಿಯಾಗಿರುವುದು ಕಾಣುತ್ತದೆ. ನಮ್ಮ ದೇಶದ ಸಮಾಜಕಾರ್ಯ ಕಾಲೇಜುಗಳಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ, ಇದೇ ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಇಂಗ್ಲೆಂಡಿನ ಕೌನ್ಸಿಲುಗಳಲ್ಲಿ ದುಡಿಯುವವರಿದ್ದಾರೆ. ಅಲ್ಲಿಗೆ ಹೊರಡುವವರಿಗೆ ವೀಸಾದ ಬಗ್ಗೆ, ಸಂಬಳದ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ. ಒಂದು ದಿನ ಶೆಫೀಲ್ಡಿನಿಂದ ಇಮೇಲ್ ಬಂದರೆ ಏನು ಮಾಡಬೇಕು ಎಂದು ಹೇಳುವವರನ್ನು ನಾನು ಕಂಡಿಲ್ಲ. ಮೊದಲ ಮಾತು ಇಷ್ಟೇ: ಹೆದರಿ ಸುಮ್ಮನಿರಬೇಡಿ, ಉತ್ತರ ಕೊಡಿ, ನಿಮ್ಮ ವೃತ್ತಿ ಸಂಘದ ಸಲಹೆ ಪಡೆಯಿರಿ. ದೂರು ಬಂತೆಂದ ಮಾತ್ರಕ್ಕೆ ತಪ್ಪು ಸಾಬೀತಾಯಿತು ಎಂದಲ್ಲ.

ಮೇಜಿನ ಆಚೆ ಕೂತವರ ಮನಸ್ಸಿನ ಬಗ್ಗೆಯೂ ಒಂದು ಮಾತು. ಮಕ್ಕಳನ್ನು ಕಳೆದುಕೊಂಡವರು, ಮನೆಯ ಹಿರಿಯರು ಆರೈಕೆ ಇಲ್ಲದೆ ಸತ್ತರು ಎನ್ನುವವರು, ಇನ್ನು ಬದುಕುವುದಿಲ್ಲ ಎನ್ನುವವರು, ಇಂಥವರ ದನಿ ದಿನವಿಡೀ ಕಿವಿಯಲ್ಲಿ. ಜೀವಕ್ಕೆ ಅಪಾಯ ಎನಿಸಿದರೆ ಯಾರಿಗೆ ಫೋನ್ ಮಾಡಬೇಕು, ಮಾತನ್ನು ಹೇಗೆ ಮುಂದುವರಿಸಬೇಕು ಎಂಬ ಕ್ರಮ ಬರವಣಿಗೆಯಲ್ಲಿ ಇರಲೇಬೇಕು. ಫೋನ್ ಇಟ್ಟ ಮೇಲೆ ಹತ್ತು ನಿಮಿಷ ಎದ್ದು ಹೊರಗೆ ಹೋಗಿಬರಲು ಅವಕಾಶವೂ ಇರಬೇಕು. ಇದನ್ನು ಸೌಕರ್ಯ ಎಂದು ಲೆಕ್ಕ ಹಾಕುವ ಮೇಲಧಿಕಾರಿ ಒಂದು ದಿನ ಆ ಫೋನ್ ಎತ್ತಿ ನೋಡಲಿ.

ನಮ್ಮ ದೇಶಕ್ಕೆ ಬರೋಣ. ಸಮಾಜಕಾರ್ಯದ ಶಿಕ್ಷಣ ಮುಂಬಯಿಯಲ್ಲಿ 1936ರಲ್ಲೇ ಶುರುವಾಯಿತು, ಮಂಗಳೂರಿನ ರೋಶನಿ ನಿಲಯ 1960ರದು. ಇಷ್ಟು ಹಳೆಯ ವೃತ್ತಿಗೆ ಇಡಿಯಾಗಿ ಅನ್ವಯಿಸುವ ಪರಿಷತ್ತು ಇಂದಿಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ನೋಂದಣಿಯನ್ನು ರಾಜ್ಯ ಪ್ರಾಧಿಕಾರಕ್ಕೆ ಒಪ್ಪಿಸಿತು. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಆಸ್ಪತ್ರೆಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ರಾಜ್ಯಗಳಲ್ಲಿ ಪರಿಷತ್ತು ಇರಬೇಕು, ಅದರೊಳಗೆ ನೀತಿ ಮತ್ತು ನೋಂದಣಿಯ ಮಂಡಳಿ ಇರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಮಕ್ಕಳ ರಕ್ಷಣೆಯಲ್ಲಿ, ಸರ್ಕಾರೇತರ ಸಂಸ್ಥೆಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವವರು ಅದರ ಹೊರಗೇ.

ಅಂಥ ಮಂಡಳಿಗೆ ದೂರು ಬರತೊಡಗಿದಾಗ ಅದು ಟೈಪ್ ಮಾಡಿದ ಹನ್ನೆರಡು ಪುಟವಾಗಿ ಬರುವುದಿಲ್ಲ. ರಾಯಚೂರಿನ ಹಳ್ಳಿಯೊಂದರಿಂದ ಫೋನಿನಲ್ಲಿ ಬರುತ್ತದೆ, ನೆರೆಮನೆಯ ಹುಡುಗನ ಫೋನಿನಲ್ಲಿ. "ಆಸ್ಪತ್ರ್ಯಾಗ ಆ ಅಕ್ಕ ರೊಕ್ಕ ಇಸಗೊಂಡ್ಲು, ಆಮ್ಯಾಲ ಸಹಿ ಹಾಕ್ಲೇ ಇಲ್ರಿ" ಎಂದಷ್ಟೇ ಹೇಳುತ್ತದೆ. ಯಾವ ಆಸ್ಪತ್ರೆ, ಯಾವ ಅಕ್ಕ, ಯಾವ ಸಹಿ, ಆಕೆ ನರ್ಸೋ ಆಶಾ ಕಾರ್ಯಕರ್ತೆಯೋ ಸಮಾಜ ಕಾರ್ಯಕರ್ತೆಯೋ, ಇವನ್ನೆಲ್ಲ ಗದರದೆ ಕೇಳಿ, ಹೇಳಿದವರ ಮಾತಿನಲ್ಲೇ ಬರೆದುಕೊಂಡು, ಬರೆದದ್ದನ್ನು ಮತ್ತೆ ಓದಿ ಹೇಳಿ, ಹೌದೆನಿಸಿಕೊಳ್ಳಬೇಕು. ಬಾಯಿಮಾತಿನ ದೂರನ್ನು ದೂರೆಂದೇ ದಾಖಲಿಸುವ ನಿಯಮ ಬೇಕು, ಇಷ್ಟು ದಿನದೊಳಗೆ ಕನ್ನಡದಲ್ಲಿ ಉತ್ತರ ಹೋಗಬೇಕು ಎಂಬ ಗಡುವು ಬೇಕು, ಮುಚ್ಚಿದರೆ ಮುಚ್ಚಿದ್ದಕ್ಕೆ ಕಾರಣ ಆ ಉತ್ತರದಲ್ಲಿರಬೇಕು, ನಮ್ಮಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸವೂ ಇರಬೇಕು. ಮಂಡಳಿಯ ಸದಸ್ಯರ ಪಟ್ಟಿಗಾಗಿ ಓಡಾಟ ನಡೆಯುವ ಹೊತ್ತಿನಲ್ಲೇ ಈ ನಾಲ್ಕು ನಿಯಮಗಳನ್ನೂ, ಆ ಫೋನ್ ಎತ್ತುವವರ ಹುದ್ದೆಯನ್ನೂ ಆದೇಶದಲ್ಲಿ ಬರೆಸಿಕೊಳ್ಳಬೇಕೆಂದು ಸಮಾಜಕಾರ್ಯದ ಅಧ್ಯಾಪಕರು ಮತ್ತು ವೃತ್ತಿ ಸಂಘಗಳು ಈಗಲೇ ಸರ್ಕಾರಕ್ಕೆ ಮನವಿ ಕೊಡಬಹುದು.